ಆಟದ ಕ್ರಿಕೆಟ್, ಹುಲ್ಲಿನ ಕ್ರಿಕೆಟ್

ಗ್ರಂಥಾಲಯದ ಸೂಚಿಯಲ್ಲಿ ‘ಕ್ರಿಕೆಟ್’ ಎಂದು ಹುಡುಕಿದರೆ ಚೆಂಡಿನ ಸ್ವಿಂಗ್ ಕುರಿತ ಪ್ರಬಂಧಗಳ ನಡುವೆ ಚಿಮ್ಮಂಡೆಯ ರೆಕ್ಕೆ ಕುರಿತ ಪ್ರಬಂಧಗಳೂ ಬಂದು ಕೂರುತ್ತವೆ. ಕನ್ನಡದಲ್ಲಿ ಆಟಕ್ಕೊಂದು, ಕೀಟಕ್ಕೊಂದು ಹೆಸರಿದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ. ಈ ಎರಡು ಅಧ್ಯಯನಗಳ ಹಳೆಯ ನೆಲೆಗಳು ದಕ್ಷಿಣ ಇಂಗ್ಲೆಂಡಿನಲ್ಲಿ ಹತ್ತಿರ ಹತ್ತಿರವೇ ಇವೆಯೆಂದು ನಕ್ಷೆಯಲ್ಲಿ ಕಂಡ ಮೇಲೆ, ಗಂಡು ಚಿಮ್ಮಂಡೆಗಳು ಹಾಡುವ ಮೇ ತಿಂಗಳಲ್ಲಿ ಎರಡು ದಿನಗಳ ಪ್ರವಾಸ ಹೊರಟೆ.

ಮೊದಲು ಸರ್ರೆ ಕೌಂಟಿಯ ಗಿಲ್ಡ್‌ಫರ್ಡ್. ಆಟದ ಇತಿಹಾಸಕಾರರು ನೆಚ್ಚಿಕೊಂಡಿರುವ ಅತಿ ಹಳೆಯ ಖಚಿತ ದಾಖಲೆ ಪಂದ್ಯದ ವರದಿಯಲ್ಲ, ಜಮೀನು ವ್ಯಾಜ್ಯವೊಂದರ ಸಾಕ್ಷ್ಯ. ಹಳೆಯ ಪಂಚಾಂಗದಂತೆ 1597ರ, ಈಗಿನ ಲೆಕ್ಕದಲ್ಲಿ 1598ರ ಜನವರಿಯಲ್ಲಿ ಜಾನ್ ಡೆರಿಕ್ ಎಂಬ 59 ವರ್ಷದ ಅಧಿಕಾರಿಯು, ಸುಮಾರು 50 ವರ್ಷಗಳ ಹಿಂದೆ ತಾನು ಶಾಲಾಬಾಲಕನಾಗಿದ್ದಾಗ ಗೆಳೆಯರೊಡನೆ ಆ ನೆಲದಲ್ಲಿ ‘ಕ್ರೆಕೆಟ್’ ಆಡುತ್ತಿದ್ದೆನೆಂದು ನ್ಯಾಯಾಲಯದಲ್ಲಿ ಹೇಳಿದ. ಅವನ ಶಾಲೆಯ ಹಳೆಯ ಕಟ್ಟಡ ಹೈ ಸ್ಟ್ರೀಟಿನಲ್ಲಿ ಇನ್ನೂ ನಿಂತಿದೆ. ನೆರೆಹೊರೆಯವರು ಜಗಳವಾಡದಿದ್ದರೆ ವಿದ್ವಾಂಸರಿಗೆ ಈ ಸಾಲೂ ಸಿಗುತ್ತಿರಲಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ ಫಾರ್ನ್‌ಹಮ್ ಹೀತ್, ಮರಳು ಮಣ್ಣಿನ ಕುರುಚಲು ಬಯಲು. ಬ್ರಿಟನ್ನಿನ ಬಯಲು ಚಿಮ್ಮಂಡೆ ಕಳೆದ ಶತಮಾನದ ಕೊನೆಯ ಹೊತ್ತಿಗೆ ಪಶ್ಚಿಮ ಸಸೆಕ್ಸ್‌ನ ಒಂದೇ ನೆಲೆಗೆ ಕುಗ್ಗಿತ್ತು. ಸಂಶೋಧಕರು ಅದನ್ನು ಮರಳಿ ನೆಲೆಗೊಳಿಸಿದ ಜಾಗಗಳಲ್ಲಿ ಇದೂ ಒಂದು. ಗಂಡು ತನ್ನ ಬಿಲದ ಬಾಯಿಯ ಮುಂದೆ ಹುಲ್ಲು ತೆಗೆದು ಪುಟ್ಟ ಜಗಲಿಯೊಂದನ್ನು ಹಸನು ಮಾಡಿಕೊಂಡು, ಅಲ್ಲಿ ನಿಂತು ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹಾಡುತ್ತದೆ. ಕೇಳಿಸಿಕೊಳ್ಳುವ ಹೆಣ್ಣಿನ ಕಿವಿಗಳಿರುವುದು ಮುಂಗಾಲುಗಳಲ್ಲಿ. ಕಾಲುದಾರಿ ಬಿಡದೆ ನಡೆದೆ. ದೂರದಿಂದ ಹಾಡು ಸ್ಪಷ್ಟವಾಗಿ ಕೇಳಿಸಿತು, ಹಾಡುಗಾರ ಕಾಣಿಸಲಿಲ್ಲ. ಹೆಜ್ಜೆಯ ಅದುರು ತಾಗಿದೊಡನೆ ಅದು ಬಿಲ ಸೇರುತ್ತದೆ.

ಈ ಸಂಕೋಚವನ್ನು ಮೊದಲೇ ಗಮನಿಸಿ ಬರೆದವನು ಹ್ಯಾಂಪ್‌ಷೈರ್‌ನ ಸೆಲ್‌ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. 1789ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಅವನು ಸೋಲನ್ನೂ ಮುಚ್ಚಿಡುವುದಿಲ್ಲ: ಸನಿಕೆಯಿಂದ ಅಗೆದಾಗ ಒಂದೋ ಬಿಲದ ತಳ ಸಿಗುತ್ತಿರಲಿಲ್ಲ, ಇಲ್ಲವೇ ಕೀಟ ಜಜ್ಜಿ ಸಾಯುತ್ತಿತ್ತು, ಆಮೇಲೆ ಬಳುಕುವ ಹುಲ್ಲುಕಡ್ಡಿಯೊಂದನ್ನು ಮೆಲ್ಲಗೆ ಬಿಲದೊಳಗೆ ತೂರಿಸಿದರೆ ಕೀಟ ತಾನಾಗಿ ಹೊರಬರುತ್ತದೆಂದು ಕಂಡುಕೊಂಡ. ಅವನ ಚಿಮ್ಮಂಡೆಗಳಿದ್ದ ಶಾರ್ಟ್ ಲಿಥ್ ಇಳಿಜಾರಿನಲ್ಲಿ ನಾನು ಒಂದು ಗಂಟೆ ಕುಳಿತಿದ್ದೆ, ಒಂದೂ ಕೇಳಿಸಲಿಲ್ಲ. ಅವನ ತೋಟದಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತೆ. ಏಕೆಂದರೆ ಅಲ್ಲಿ ಅವನು ಇಳಿಜಾರು ಹುಲ್ಲುನೆಲದಲ್ಲಿ ಆಳವಾದ ರಂಧ್ರಗಳನ್ನು ಕೊರೆದು ಚಿಮ್ಮಂಡೆಗಳ ಒಕ್ಕಲನ್ನೇ ತಂದು ಕೂರಿಸಲು ಯತ್ನಿಸಿದ್ದ. ಕೆಲಕಾಲ ಅವು ಮೇದು ಹಾಡಿಕೊಂಡಿದ್ದವು, ಬರಬರುತ್ತ ಚದುರಿಹೋದವು. ಹಿಂದಿನ ದಿನ ಫಾರ್ನ್‌ಹಮ್‌ನಲ್ಲಿ ಕೇಳಿದ ಹಾಡಿನ ಹಿಂದೆ ಇಂಥದೇ ಪ್ರಯತ್ನವಿದೆ. ವ್ಯತ್ಯಾಸವೇನೆಂದರೆ, ಇಂದಿನವರು ಕೀಟಕ್ಕಿಂತ ಮೊದಲು ನೆಲವನ್ನು ಸಿದ್ಧಪಡಿಸುತ್ತಾರೆ.

ಕೊನೆಗೆ ಅದೇ ಕೌಂಟಿಯ ಹ್ಯಾಂಬಲ್ಡನ್. ಬ್ರಾಡ್‌ಹಾಫ್‌ಪೆನಿ ಡೌನ್ ಮೈದಾನದಲ್ಲಿ ಅಂದು ಪಂದ್ಯವಿರಲಿಲ್ಲ. ಎದುರಿನ ಬ್ಯಾಟ್ ಅಂಡ್ ಬಾಲ್ ಇನ್ ಮತ್ತು ಸ್ಮಾರಕದ ಕಲ್ಲನ್ನು ನೋಡಿ ಹೊರಟೆ. ಗಿಲ್ಬರ್ಟ್ ವೈಟ್ ಟಿಪ್ಪಣಿ ಬರೆಯುತ್ತಿದ್ದ ಕಾಲದಲ್ಲೇ ಇಲ್ಲಿಯ ತಂಡ ಇಂಗ್ಲೆಂಡಿನಲ್ಲಿ ಪ್ರಬಲವಾಗಿತ್ತು. 1771ರಲ್ಲಿ ಚರ್ಟ್ಸಿ ತಂಡದ ಆಟಗಾರನೊಬ್ಬ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದಾಗ ಹ್ಯಾಂಬಲ್ಡನ್ನಿನವರು ಪ್ರತಿಭಟಿಸಿದರು; ಬ್ಯಾಟು ನಾಲ್ಕೂಕಾಲು ಇಂಚು ಮೀರಬಾರದೆಂಬ, ಇಂದಿಗೂ ಬದಲಾಗದ ನಿಯಮ ಹುಟ್ಟಿದ್ದು ಹೀಗೆ. ಆ ಆಟಗಾರನ ಹೆಸರೂ ವೈಟ್. ಪಾದ್ರಿಗೂ ಅವನಿಗೂ ನಂಟು ಕಲ್ಪಿಸಲು ನನಗೆ ಆಧಾರವೇನೂ ಸಿಗಲಿಲ್ಲ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಬ್ಬರೂ ಒಂದೇ ತಲೆಬರಹದ ಕೆಳಗೆ ಬಂದು ಕುಳಿತಿದ್ದರು.