ಚೋರಾವ್‌ಗೆ ಹೋದರೆ ಹೊಳೆಚುಳ್ಳಿ ಪೊದೆ ನೋಡಿ ಬನ್ನಿ

ಗೋವಾದ ಚೋರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮಕ್ಕೆ ಹೊರಡುವವರು ಮೊದಲು ಆ ದಿನದ ಭರತ-ಇಳಿತದ ವೇಳೆ ನೋಡಿಕೊಳ್ಳಿ. ಇಳಿತದಲ್ಲಿ ಕೆಸರು, ಬೇರು, ಏಡಿ ಎಲ್ಲಾ ಕಾಣುತ್ತವೆ. ಭರತದಲ್ಲಿ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಣ್ಣ ಕಾಲುವೆಗಳೊಳಗೂ ಹೋಗುತ್ತದೆ. ಇಳಿತದ ಕೊನೆಗೆ ತಲುಪಿ, ನಡೆದು ನೋಡಿ, ನೀರು ಏರಿದ ಮೇಲೆ ದೋಣಿ ಹತ್ತಿ. ಎರಡೂ ಸಿಗುತ್ತವೆ.

ಪಣಜಿ ಬಸ್ ನಿಲ್ದಾಣದಿಂದ ರಾಯಬಂದರ್ ಮೇಲೆ ಹಳೆ ಗೋವಾಕ್ಕೆ ಹೋಗುವ ಬಸ್ಸಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ. ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿದ ಉದ್ದನೆಯ ಸೇತುವೆ ರಸ್ತೆ ಅದು, ಪಕ್ಕದಲ್ಲೇ ಮಾಂಡೋವಿ. ರಾಯಬಂದರಿನಲ್ಲಿ ಫೆರ್ರಿ ಹತ್ತಿ ಆಚೆ ದಡಕ್ಕೆ ಇಳಿದರೆ ಪಕ್ಷಿಧಾಮದ ಗೇಟು ಹತ್ತಿರವೇ.

ಒಳಗೆ ಎಲ್ಲರೂ ಹಕ್ಕಿಗಾಗಿ ಮೇಲೆ ನೋಡುತ್ತಾರೆ. ನೀವು ಕೆಸರಿನ ಅಂಚನ್ನೂ ನೋಡಿ. ಸೊಂಟದೆತ್ತರದ ಪೊದೆ, ಹೊಳೆಯುವ ದಪ್ಪ ಎಲೆ, ಎಲೆಯಂಚಿಗೆ ಮುಳ್ಳು. ಅದೇ ಹೊಳೆಚುಳ್ಳಿ. ಕನಕಾಂಬರ, ಆಡುಸೋಗೆಯ ಬಳಗದ್ದು. ಬೇಸಿಗೆ ಶುರುವಾಗುವ ಹೊತ್ತಿಗೆ ಹೋದರೆ ನೀಲಿ-ನೇರಳೆ ಹೂ ಸಿಗಬಹುದು. ಹೂವಿಗೆ ಕೆಳದುಟಿ ಮಾತ್ರ, ಮೇಲಿನದು ಇಲ್ಲ. ಒಣಗಿದ ಕಾಯಿ ಸಿಡಿದು ಬೀಜ ದೂರಕ್ಕೆ ಹಾರುತ್ತದೆ.

ಬಿಸಿಲೇರಿದ ಮೇಲೆ ಎಲೆಯನ್ನು ಹತ್ತಿರದಿಂದ ನೋಡಿ. ಉಪ್ಪಿನ ಸಣ್ಣ ಹರಳು ಕಾಣಬಹುದು. ಬೇರಿನಿಂದ ಒಳಬಂದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಹಾಕುತ್ತವೆ. ನೆರಳಲ್ಲಿ ಬೆಳೆದ ಗಿಡದ ಎಲೆಗೆ ಮುಳ್ಳು ಕಡಿಮೆ ಇರುವುದುಂಟು. ಹಾಗಾಗಿ ಒಂದೇ ಪೊದೆ ನೋಡಿ ಮುಂದೆ ಹೋಗಬೇಡಿ.

ನಮ್ಮ ಜೊತೆ ವಾಸ್ಕೋದಲ್ಲಿ ನೆಲೆಸಿರುವ ಅತ್ತೆ ಬಂದಿದ್ದರು, ಕುಮಟಾ ಕಡೆಯವರು. 'ಇದು ನಮ್ಮೂರ ಗಜನಿ ಕಟ್ಟೆ ಮೇಲೂ ಇತ್ತು ಅಲ್ವಾ' ಎಂದರು. ಹೌದು. ನಮ್ಮ ಗಜನಿ ಗದ್ದೆಯ ಹಾಗೆ ಇಲ್ಲಿ ಖಜಾನ್. ಕಟ್ಟೆ ಕಟ್ಟಿ, ತೂಬಿನ ಬಾಗಿಲಿನಿಂದ ಭರತದ ನೀರು ತಡೆದು, ಭತ್ತ ಬೆಳೆಯುವ ಜಾಗ. ಕಟ್ಟೆಯ ಹೊರಮೈಯಲ್ಲಿ ಒತ್ತಾಗಿ ಬೆಳೆಯುವ ಈ ಪೊದೆ ಕೆಸರು ಹಿಡಿದಿಡುತ್ತದೆ. ಗದ್ದೆಯ ಒಳಗೇ ಕಾಂಡ್ಲಾ, ಹೊಳೆಚುಳ್ಳಿ ಎದ್ದಿದ್ದರೆ ಉಪ್ಪುನೀರು ಒಳಗೆ ನುಗ್ಗಿದೆ ಎಂದೇ ಅರ್ಥ. ದ್ವೀಪದ ರಸ್ತೆಯಲ್ಲಿ ಸುಮ್ನೆ ನಡೆಯುತ್ತಾ ಇದನ್ನು ಗಮನಿಸಿ. ನನಗೆ ಹಕ್ಕಿಗಳಿಗಿಂತ ಇದೇ ಜಾಸ್ತಿ ಹಿಡಿಸಿತು.

ದೊಡ್ಡ ಮರ ಹೋದ ಜಾಗದಲ್ಲೂ ಹೊಳೆಚುಳ್ಳಿ ಬೇಗ ತುಂಬಿಕೊಳ್ಳುತ್ತದೆ. ಅದಕ್ಕೆ ಎಲ್ಲೆಲ್ಲೂ ಅದೇ ಕಂಡರೆ ಖುಷಿಪಡುವ ಮುನ್ನ, ಅಲ್ಲಿ ಮೊದಲು ಏನಿತ್ತು ಎಂದು ದೋಣಿಯವರನ್ನು ಕೇಳಿ.

ಕುಡಿಯುವ ನೀರು, ಸೊಳ್ಳೆಗೆ ಹಚ್ಚುವ ಎಣ್ಣೆ, ಜಾರದ ಚಪ್ಪಲಿ ಇರಲಿ. ಉದ್ದ ಪ್ಯಾಂಟು ಹಾಕಿ, ಮುಳ್ಳು ಚುಚ್ಚುತ್ತದೆ. ಫೋಟೋಗಾಗಿ ದೋಣಿಯನ್ನು ಪೊದೆಯೊಳಗೆ ನುಗ್ಗಿಸಲು ಹೇಳಬೇಡಿ. ಪ್ರವೇಶದ ಟಿಕೆಟ್ ಬೇರೆ, ದೋಣಿಯ ಬಾಡಿಗೆ ಬೇರೆ. ದೋಣಿ ಎಷ್ಟು ಹೊತ್ತು, ಯಾವ ಕಾಲುವೆಯವರೆಗೆ ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ.