ಎರಡು ಗೆರೆ ಎಳೆದ ಬಚ್ಚಲುಮನೆ ಲೆಕ್ಕ

ಬಚ್ಚಲುಮನೆ ಹೊಸದು ಮಾಡಿಸೋದು ಅಂತ ತೀರ್ಮಾನವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಟೇಪು, ನೋಟ್‌ಬುಕ್ಕು ಹಿಡಿದು ಕೂತೆ. ನೆಲ 5 ಅಡಿಗೆ 8 ಅಡಿ. 40 ಚದರಡಿ. ಇಷ್ಟೇನಾ, ಇದಕ್ಕೆಷ್ಟು ಮಹಾ ಟೈಲ್ಸ್ ಬೇಕು ಅನ್ನಿಸಿತು. ಟೈಲ್ಸ್, ಕಮೋಡ್, ಬೇಸಿನ್, ಗೀಸರ್, ನಲ್ಲಿಗಳು, ಕೂಲಿ ಎಂದು ಒಂದರ ಕೆಳಗೊಂದು ಬರೆದು, ಮೊತ್ತದ ಕೆಳಗೆ ಎರಡು ಗೆರೆ ಎಳೆದೆ. ಗಾಜಿನ ಪಾರ್ಟಿಷನ್‌ಗೂ ದುಡ್ಡು ಉಳಿಯುತ್ತಿತ್ತು. ಆ ಖುಷಿ ಮಧ್ಯಾಹ್ನದ ತನಕವೂ ಬಾಳಲಿಲ್ಲ.

ಬಂದ ಮೇಸ್ತ್ರಿ ನನ್ನ ಹಾಳೆ ನೋಡಲೇ ಇಲ್ಲ, ಗೋಡೆ ನೋಡಿದರು. "ಎಷ್ಟು ಎತ್ತರಕ್ಕೆ ಟೈಲ್ಸ್ ಮೇಡಂ?" ಬಾಗಿಲ ಮಟ್ಟಕ್ಕೆ, 7 ಅಡಿ ಎಂದೆ. ನಿಂತಲ್ಲೇ ಲೆಕ್ಕ ಹೇಳಿದರು. ನಾಲ್ಕು ಗೋಡೆಯ ಸುತ್ತಳತೆ 26 ಅಡಿ, ಅದಕ್ಕೆ 7 ಅಂದರೆ 182. ಬಾಗಿಲು ಕಳೆದರೂ 165ರ ಹತ್ತಿರ. ನಾನು ಬರೀ ನೆಲ ಅಳೆದು ಕೂತಿದ್ದೆ! ಕಟಿಂಗಲ್ಲಿ ಹಾಳಾಗೋದಕ್ಕೆ ಅಂತ ಇನ್ನೊಂದು 10 ಪರ್ಸೆಂಟ್ ಜಾಸ್ತಿ ತರಬೇಕು. ಕಮ್ಮಿ ಬಿತ್ತೆಂದು ಆಮೇಲೆ ಹೋದರೆ ಡಿಸೈನ್ ಅದೇ ಸಿಕ್ಕರೂ ಬ್ಯಾಚ್ ಬೇರೆಯಾಗಿ ಬಣ್ಣ ಚೂರು ಆಚೀಚೆ ಆಗಬಹುದು.

"ಒಡೆದಿದ್ದನ್ನ ಯಾರು ಸಾಗಿಸ್ತಾರೆ?" ಇದು ಅವರ ಎರಡನೇ ಪ್ರಶ್ನೆ. ಒಡೆಯುವ ಕೂಲಿ ಬರೆದಿದ್ದೆ. ಒಡೆದದ್ದು ತಾನಾಗೇ ಎದ್ದು ಹೋಗುತ್ತೆ ಅಂದುಕೊಂಡಿದ್ದೆನೋ ಏನೋ. ಚೀಲ, ಹೊರುವವರ ಕೂಲಿ, ಗಾಡಿ ಬಾಡಿಗೆ ಎಂದು ಮೂರು ಸಾಲು ಹೊಸದಾಗಿ ಸೇರಿದವು.

ಸಂಜೆ ನಮ್ಮ ಯಜಮಾನರಿಗೂ ನನಗೂ ಸಣ್ಣ ಜಗಳ. ಒಟ್ಟು ಮೊತ್ತದಲ್ಲಿ 15 ಪರ್ಸೆಂಟ್ ಮುಟ್ಟದೆ ಎತ್ತಿಡೋಣ ಅಂದರು. ಸುಮ್ನೆ ಯಾಕೆ, ಅದರಲ್ಲೇ ಗಾಜಿನ ಪಾರ್ಟಿಷನ್ ಬರುತ್ತಲ್ವಾ ಅಂದೆ ನಾನು. ಕೊನೆಗೆ ಅವರದ್ದೇ ನಡೆಯಿತು.

ಕೆಲಸ ಶುರುವಾದ ಎರಡನೇ ದಿನ ಪ್ಲಂಬರ್ ಕೂಗಿದ. ಗೋಡೆಯೊಳಗಿನ ಹಳೇ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಹೊರಗೆ ಬಂದಿತ್ತು. ಬೆರಳಲ್ಲಿ ಒತ್ತಿದರೆ ತುಕ್ಕು ಹಪ್ಪಳದ ಹಾಗೆ ಮುರಿದು ಉದುರುತ್ತಿತ್ತು. ಒಳಗೆ ನೀರು ಹೋಗಲು ಉಳಿದಿದ್ದ ಜಾಗ ಒಂದು ಪೆನ್ಸಿಲ್ ತೂರುವಷ್ಟು. ಇಷ್ಟು ವರ್ಷ ನೀರು ಸಣ್ಣಗೆ ಬರುತ್ತೆ ಅಂತ ನಲ್ಲಿಯನ್ನೇ ಬೈಯುತ್ತಿದ್ದೆವು. ನಲ್ಲಿಯ ಹೊಳಪು ನೋಡಿ ನೋಡಿ ಆರಿಸಿದ ನಾನು, ಅದರ ಹಿಂದಿನ ಪೈಪಿಗೆ ಒಂದು ಸಾಲೂ ಬರೆದಿರಲಿಲ್ಲ. ಎತ್ತಿಟ್ಟ ದುಡ್ಡಿನ ಮುಕ್ಕಾಲು ಪಾಲು ಹೊಸ ಪೈಪಿಗೇ ಹೋಯಿತು.

ಉಳಿದದ್ದು ವಾಟರ್‌ಪ್ರೂಫಿಂಗ್‌ಗೆ. ಇದರಲ್ಲಿ ಮಾತ್ರ ನಾನು ಚೌಕಾಸಿ ಮಾಡಲಿಲ್ಲ. ಆಮೇಲೆ ಸೋರಿದರೆ ಹಾಕಿದ ಟೈಲ್ಸನ್ನೇ ಕಿತ್ತು ರಿಪೇರಿ ಮಾಡಬೇಕಾಗುತ್ತದೆ, ಆಗ ಎಲ್ಲ ಖರ್ಚೂ ಎರಡೆರಡು ಸಲ. ಟೈಲ್ಸ್ ಹಾಕುವ ಮೊದಲು ಮೇಸ್ತ್ರಿ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನೆಲದ ತುಂಬ ನೀರು ನಿಲ್ಲಿಸಿ, ಗೋಡೆ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಲ್ಲಿ ಗೀಟು ಹಾಕಿದರು. 24 ಗಂಟೆ ಮುಟ್ಟಬೇಡಿ ಅಂದರು. ರಾತ್ರಿ ಮೂರು ಸಲ ಎದ್ದು ಟಾರ್ಚ್ ಬಿಟ್ಟು ನೋಡಿದೆ. ನೀರು ಗೀಟಿನ ಮಟ್ಟದಲ್ಲೇ ಇತ್ತು.

ಗಾಜಿನ ಪಾರ್ಟಿಷನ್ ಜಾಗದಲ್ಲಿ ಈಗ ಪ್ಲಾಸ್ಟಿಕ್ ಪರದೆ ಇದೆ. ಒದ್ದೆಯಾದಾಗ ಕಾಲಿಗೆ ಅಂಟಿಕೊಳ್ಳುತ್ತದೆ.