ಎಂಟು ಕಾಲಿನ ಜಾಣೆ

ಇವತ್ತೂ ಮಾತು ಅಲ್ಲಿಗೇ ಬಂತು. ಮಕ್ಕಳ ಕಥೆಗಳಲ್ಲಿ ಎಲ್ಲರಿಗಿಂತ ಜಾಣರು ಯಾರು?

ಮಾರ್ಕ್ ಟ್ವೇನ್ ಕಾದಂಬರಿಯ ತುಂಟ ಹುಡುಗ ಟಾಮ್ ಸಾಯರ್ ಅಂತಾರೆ ಸುಮಾರು ಜನ. ಸುಣ್ಣ ಬಳಿಯೋ ಶಿಕ್ಷೆಯನ್ನೇ ಮೋಜು ಅಂತ ನಂಬಿಸಿ, ಬೇರೆ ಹುಡುಗರ ಕೈಲಿ ಬೇಲಿಗೆ ಮೂರು ಕೋಟ್ ಹೊಡೆಸಿ, ಮೇಲಿಂದ ಅವರ ಗೋಲಿ, ಗಾಳಿಪಟ ಎಲ್ಲ ವಸೂಲಿ! ಸರಿ, ಒಪ್ಪಿದೆ. ಆದ್ರೆ ಅದು ಒಂದು ಶನಿವಾರದ ಜಾಣತನ.

ನನ್ನ ವೋಟು ಶಾರ್ಲಟ್‌ಗೆ. 1952ರಲ್ಲಿ ಇ. ಬಿ. ವೈಟ್ ಬರೆದ 'ಶಾರ್ಲಟ್ಸ್ ವೆಬ್' ಪುಸ್ತಕದ ಜೇಡ.

ಮಾಂಸಕ್ಕಾಗಿ ಕಡಿಯೋಕಿರೋ ಹಂದಿಮರಿ ವಿಲ್ಬರ್‌ನ ಜೀವ ಉಳಿಸೋಕೆ, ಅವನು ವಿಶೇಷದವನು ಅಂತ ಜನ ನಂಬೋ ಹಾಗೆ ಬಲೆಯಲ್ಲಿ ಅವನನ್ನ ಹೊಗಳೋ ಪದ ನೇಯ್ತಾಳೆ, ಅದು ಎಲ್ರಿಗೂ ಗೊತ್ತು. ಹೇಗೆ ನೇಯ್ತಾಳೆ ನೋಡಿ. ಮೊದಲು ಬಲೆಯ ನಡುಭಾಗ ಕಿತ್ತು ಜಾಗ ಮಾಡ್ತಾಳೆ. ಅಕ್ಷರ ಎದ್ದು ಕಾಣಲಿ ಅಂತ ಎಳೆ ಜೋಡಿ ಮಾಡ್ತಾಳೆ. ಹೊಸ ಪದ ಬೇಕಾದಾಗ ಇಲಿ ಟೆಂಪಲ್‌ಟನ್ ಕಸದ ರಾಶಿಯಿಂದ ಕಾಗದದ ಚೂರು ತರಬೇಕು.

ಅವನು ಒಮ್ಮೆ ತಂದಿದ್ದು 'ಗರಿಗರಿ' ಅನ್ನೋ ಪದ. ಥಟ್ಟನೆ ಬೇಡ ಅಂದಳು. ಹಂದಿಯ ಮೇಲೆ ಗರಿಗರಿ ಅಂತ ಬರೆದ್ರೆ ಯಜಮಾನನಿಗೆ ನೆನಪಾಗೋದು ಬಾಣಲೆ!

ಅಲ್ಲೇ ಗೆದ್ದಳು ನೋಡಿ. ಪದ ಗೊತ್ತಿರೋದು ಬೇರೆ, ಓದೋನ ತಲೆಯಲ್ಲಿ ಅದು ಏನು ಹುಟ್ಟಿಸುತ್ತೆ ಅಂತ ಗೊತ್ತಿರೋದು ಬೇರೆ. ಇಡೀ ಪುಸ್ತಕದಲ್ಲಿ ಅವಳು ಬಲೆಗೆ ಹಾಕಿದ್ದು ನಾಲ್ಕೇ ಬರಹ. ಕೊನೆಯದು 'ವಿನಮ್ರ'.

ಎರಡನೇ ಸ್ಥಾನ 'ವಿಜರ್ಡ್ ಆಫ್ ಆಜ್' ಕಥೆಯಲ್ಲಿ ತನಗೆ ಮಿದುಳೇ ಇಲ್ಲ ಅಂತ ಕೊರಗೋ ಬೆದರುಬೊಂಬೆಗೆ. ಕಂದಕ ದಾಟೋಕೆ ಮರ ಉರುಳಿಸೋ ಉಪಾಯ ಅವನದೇ, ಮೃಗಗಳು ಅಟ್ಟಿಸಿಕೊಂಡು ಬಂದಾಗ ಅದೇ ಮರದ ತುದಿ ಕಡಿಸಿದ್ದೂ ಅವನೇ. ಆಮೇಲೆ ಮಾಂತ್ರಿಕ ಕೊಟ್ಟ 'ಮಿದುಳು' ಏನು? ತೌಡು, ಗುಂಡುಪಿನ್ನು, ಸೂಜಿ.